ಮನೆಯೊಳಗೆ ಕಾಣದ ದೇವಕಿಬಾವಿ

ಹಿತ್ತಲ ಕಟ್ಟೆಯ ಮೇಲೆ ಕೂತು ಹುಣಸೆಹಣ್ಣು ಹಚ್ಚಿ ಹಿತ್ತಾಳೆ ಪಾತ್ರೆ ತಿಕ್ಕುತ್ತಿದ್ದೆ. ಮರುದಿನ ಅತ್ತೆಯ ಶ್ರಾದ್ಧ. ಚೊಂಬು, ಹರಿವಾಣ ಮುಗಿದು ದೀಪದ ಕಂಬಕ್ಕೆ ಕೈ ಹಾಕುವಷ್ಟರಲ್ಲಿ ಒಳಗೆ ಫೋನು ಬಡಿದುಕೊಂಡಿತು. ಕೈತುಂಬ ಹುಣಸೆಯ ಕೆಸರು. ರಿಸೀವರನ್ನು ಎರಡು ಬೆರಳ ತುದಿಯಲ್ಲಿ ಎತ್ತಿ, ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡೆ. ಆ ಕಡೆಯಿಂದ ವಾಸ್ಕೋದ ನಾದಿನಿ ಸುಮನ.

“ವೈನೀ, ಆಯಿ ಬಂದಾಳೆ,” ಎಂದಳು.

ಆಯಿ ಎಂದರೆ ಅವಳ ತಾಯಿ, ನನ್ನ ಅತ್ತೆ. ನಾನು ಈ ಮನೆಯ ಸೊಸೆಯಾಗುವ ಮೊದಲೇ ತೀರಿಕೊಂಡವರು. ನಾಳೆ ಯಾರಿಗೆ ಎಡೆ ಇಡಬೇಕೋ ಅವರು ಇವತ್ತು ವಾಸ್ಕೋದಲ್ಲಿ ಬಂದಿದ್ದಾರೆಂದರೆ ನಾನು ಏನೆಂದುಕೊಳ್ಳಬೇಕು ಹೇಳಿ. ಸುಮನಳ ಮೈಮೇಲೆ ಏನಾದರೂ ಬಂತೋ ಎಂದು ಒಂದು ಗಳಿಗೆ ಎದೆ ಹಾರಿತು. ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ಅದೂ ತಿಳಿಯಲಿಲ್ಲ. ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದಳು. ಅವಳ ಅಣ್ಣ, ಅಂದರೆ ನಮ್ಮ ಮನೆಯವರು, ಮಾಡಿದ್ದ ವೆಬ್‌ಸೈಟಿನಲ್ಲಿ ಯಾರೋ ಒಂದು ಹಳೆಯ ಫೋಟೊ ಹಾಕಿದ್ದಾರೆ. ಹಳೇ ಊರಿನ ನಮ್ಮ ಮನೆ. ಬಾಗಿಲಲ್ಲಿ ಅತ್ತೆ ನಿಂತಿದ್ದಾರೆ.

ಅತ್ತೆಯ ಒಂದೇ ಒಂದು ಫೋಟೊ ನಮ್ಮಲ್ಲಿರಲಿಲ್ಲ. ನೆಂಟರಿಷ್ಟರ ಮದುವೆಯ ಗುಂಪಿನ ಫೋಟೊಗಳಲ್ಲೆಲ್ಲ ಮಾವ ಇದ್ದಾರೆ, ಮಕ್ಕಳಿದ್ದಾರೆ, ಯಾರದೋ ಮನೆಯ ನಾಯಿ ಕೂಡ ಇದೆ. ಅತ್ತೆ ಇಲ್ಲ, ಆ ಹೊತ್ತಿಗೆ ಅವರು ಅಡುಗೆಮನೆಯಲ್ಲಿರುತ್ತಿದ್ದರಂತೆ. ವರ್ಷವರ್ಷವೂ ನಾನು ಮುಖ ನೋಡದ ಒಬ್ಬ ಹೆಂಗಸಿಗೆ ಇಷ್ಟವಾಗಲಿ ಎಂದು ಉದ್ದಿನ ವಡೆ ಕರಿದಿದ್ದೇನೆ, ಅವರಿಗೆ ಮೆಣಸು ಮುಂದಾಗಿರಬೇಕು ಎಂದು ಕೇಳಿ ತಿಳಿದು ಮೆಣಸು ಹಾಕಿದ್ದೇನೆ. ಎಡೆಯ ಮುಂದೆ ಕಣ್ಣು ಮುಚ್ಚಿದಾಗ ಮಾತ್ರ ಯಾರ ಮುಖ ನೆನೆಯಬೇಕೆಂದು ತಿಳಿಯದೆ ಸುಮನಳ ಮುಖಕ್ಕೆ ನಾಲ್ಕು ಬಿಳಿ ಕೂದಲು ಸೇರಿಸಿಕೊಂಡು ಕೈ ಮುಗಿಯುತ್ತಿದ್ದೆ. ದೇವರು ಅದನ್ನೂ ನಡೆಸಿಕೊಟ್ಟ.

ಈ ವೆಬ್‌ಸೈಟಿನ ವಿಷಯ ಹೇಳದಿದ್ದರೆ ನೀವೂ ನನ್ನ ಹಾಗೆ ಗೊಂದಲಕ್ಕೆ ಬೀಳುತ್ತೀರಿ. ನಮ್ಮ ಹಳೇ ಊರು ನೌಕಾನೆಲೆಗೆ ಹೋಯಿತು, ಈಗ ಅದರ ಗೋಡೆಯ ಆಚೆಗಿದೆ. ಅಲ್ಲಿದ್ದವರು ಅಮದಳ್ಳಿ ಕಡೆ, ಅಂಕೋಲೆ ಕಡೆ, ಮಾಜಾಳಿ, ಗೋವೆ ಎಂದು ಹಂಚಿಹೋದೆವು. ನಾವು ಅಮದಳ್ಳಿಯ ಹತ್ತಿರ ಮನೆ ಕಟ್ಟಿಕೊಂಡೆವು. ನಮ್ಮ ಮನೆಯವರು ಕಾರವಾರದಲ್ಲಿ ಆಫೀಸಿಗೆ ಹೋಗುವವರು. ಕಂಪ್ಯೂಟರಿನ ಹುಚ್ಚು ಹತ್ತಿದ ಮೇಲೆ ಊರವರ ಹಳೆಯ ಫೋಟೊಗಳನ್ನೆಲ್ಲ ಒಂದು ಕಡೆ ಸೇರಿಸುವ ಯೋಚನೆ ಬಂತು. ಎಲ್ಲಿಯವರು ಬೇಕಾದರೂ ತಮ್ಮಲ್ಲಿದ್ದ ಫೋಟೊವನ್ನು ತಾವೇ ಅದರಲ್ಲಿ ಹಾಕಬಹುದು. ಆ ಜಾಗಕ್ಕೆ ಅವರು ಇಟ್ಟ ಹೆಸರು ‘ದೇವಕಿಬಾವಿ’.

ದೇವಕಿ ಅತ್ತೆಯ ಹೆಸರು. ಸಮುದ್ರ ಅಷ್ಟು ಹತ್ತಿರವಿದ್ದರೂ ಹಳೇ ಮನೆಯ ಬಾವಿಯ ನೀರು ಸಿಹಿ. ಕೇರಿಯ ಹೆಂಗಸರೆಲ್ಲ ಅಲ್ಲಿಗೇ ಬರುತ್ತಿದ್ದರು. ಕೊಡ ತುಂಬಿದ ಮೇಲೂ ಸೊಂಟದ ಮೇಲಿಟ್ಟುಕೊಂಡು ನಿಂತೇ ಇರುತ್ತಿದ್ದರು, ಮಾತು ಮುಗಿಯಬೇಕಲ್ಲ. ಹಾಗಾಗಿ ಊರಿಗೆಲ್ಲ ಅದು ದೇವಕಿಬಾವಿ. ಈಗಲೂ ಊರವರು ಮಾತಿಗೆ ಸೇರುವ ಜಾಗಕ್ಕೆ ಬೇರೆ ಹೆಸರು ಯಾಕೆ ಎಂದರು ಇವರು.

ಇಂಥವನ್ನೆಲ್ಲ ಎಲ್ಲೋ ದೊಡ್ಡ ಊರಿನ ಯಂತ್ರದಲ್ಲಿ ಬಾಡಿಗೆಗೆ ಇಡುತ್ತಾರಂತೆ. ಇವರು ಒಪ್ಪಲಿಲ್ಲ. “ಒಂದ್ಸಲ ಊರು ಬಿಟ್ಟುಕೊಟ್ಟು ಆಯ್ತು. ಈ ಸಲ ನಮ್ಮ ಮನೇಲೇ ಇರ್ಲಿ,” ಎಂದು ಹಳೆಯ ಕಂಪ್ಯೂಟರೊಂದನ್ನು ದೇವರ ಕೋಣೆಯ ಪಕ್ಕದ ಹಲಗೆಯ ಮೇಲೆ ಏರಿಸಿದರು. ಅದಕ್ಕೆ ಪರದೆಯಿಲ್ಲ, ಕೀಲಿಮಣೆಯಿಲ್ಲ. ಹಗಲೂ ರಾತ್ರಿ ಗುಂಯ್ ಎನ್ನುತ್ತ ಇರುತ್ತದೆ. ಅದರ ಪಕ್ಕದಲ್ಲಿ ಫೋನಿನ ತಂತಿ ಬಂದು ಸೇರುವ ಒಂದು ಡಬ್ಬಿ, ಮೈಮೇಲೆ ಹಸಿರು ದೀಪಗಳು. ಊರೆಲ್ಲ ಅದರೊಳಗಿದೆ ಎಂದಮೇಲೆ ನಾನು ಸುಮ್ಮನಿರುವುದು ಹೇಗೆ? ದೇವರಿಗೆ ಹೂ ಏರಿಸಿದ ಮೇಲೆ ಒಂದು ದಾಸವಾಳ ಅದಕ್ಕೂ ಇಡುತ್ತಿದ್ದೆ. ಗಾಳಿ ಆಡುವ ತೂತಿಗೆ ಕುಂಕುಮ ಹಚ್ಚಬೇಡ ಎಂದು ಇವರು ಕೈ ಮುಗಿದು ಕೇಳಿಕೊಂಡ ಮೇಲೆ ಕುಂಕುಮ ಬಿಟ್ಟೆ. ಒಮ್ಮೆ ಅದರ ಪ್ಲಗ್ಗು ಕಿತ್ತು ಮಿಕ್ಸರ್ ಹಾಕಿದ್ದೆ. ಐದು ನಿಮಿಷದಲ್ಲಿ ಆಫೀಸಿನಿಂದ ಇವರ ಫೋನು, ಊರು ಕಾಣುತ್ತಿಲ್ಲವೆಂದು. ಚಟ್ನಿ ಆದ ಕೂಡಲೇ ಕಾಣುತ್ತದೆ ಎಂದೆ.

ಹೊರಗೆ ಮೇಜಿನ ಮೇಲೆ ಇನ್ನೊಂದು ಕಂಪ್ಯೂಟರ್ ಇತ್ತು, ಹೊಸದು, ಪರದೆಯಿದ್ದದ್ದು. ಸುಮನಳ ಫೋನು ಇಟ್ಟವಳೇ ಕೈ ತೊಳೆದು ಅದರ ಮುಂದೆ ಕೂತೆ. ಇವರು ಆಫೀಸಿನ ಕೆಲಸದ ಮೇಲೆ ಧಾರವಾಡಕ್ಕೆ ಹೋಗಿದ್ದರು, ಬರುವುದು ಮರುದಿನ ಎಡೆ ಇಡುವ ಹೊತ್ತಿಗೆ. ಆದರೂ ನನಗೆ ಧೈರ್ಯವಿತ್ತು, ಯಾಕೆಂದರೆ ನಾನು ಟೈಪಿಂಗ್ ಕಲಿತವಳು. ತವರು ಶೆಟಗೇರಿಯಿಂದ ಬಸ್ಸು ಹಿಡಿದು ಅಂಕೋಲೆಗೆ ಹೋಗಿ, ಚಹದಂಗಡಿಯ ಮಾಳಿಗೆಯ ಮೇಲೆ ಕಲಿತದ್ದು. ಕೆಳಗಿನಿಂದ ಬನ್ಸ್ ಕರಿಯುವ ವಾಸನೆ ಬರುತ್ತಿತ್ತು. ಕಲಿಸುವವರು ಕೀಲಿಗಳ ಮೇಲೆ ಟವೆಲ್ ಹೊದಿಸಿ ಹೊಡೆಸುತ್ತಿದ್ದರು. ಪರೀಕ್ಷೆಗೆ ಕಟ್ಟುವಷ್ಟರಲ್ಲಿ ಮದುವೆ ನಿಶ್ಚಯವಾಯಿತು. ಇವತ್ತಿಗೂ ಕೀಲಿ ನೋಡದೆ ಹೊಡೆಯುತ್ತೇನೆ. ಮೌಸ್ ಒಂದು ಮಾತ್ರ ನನ್ನ ಕೈಯಲ್ಲಿ ಜಿರಳೆಯ ಹಾಗೆ ಎತ್ತೆತ್ತಲೋ ಓಡುತ್ತದೆ.

ಹೆಸರು ಸರಿಯಾಗಿಯೇ ಹೊಡೆದೆ. ಊರು ಬರಲಿಲ್ಲ. ಬೂದು ಬಣ್ಣದ ಒಂದು ಚೌಕ ಬಂತು. ನೀವು ಯಾರು, ನಿಮ್ಮ ಗುಟ್ಟಿನ ಶಬ್ದ ಏನು ಎಂದು ಕೇಳಿತು.

ನಮ್ಮ ಮನೆಯಲ್ಲಿ ಕೂತು, ನಮ್ಮ ಮನೆಯ ಹಲಗೆಯ ಮೇಲಿರುವ ನಮ್ಮ ಅತ್ತೆಯನ್ನು ನೋಡಲು ಹೋದರೆ ನೀನು ಯಾರು ಎಂದು ಕೇಳುವುದೆ? ನನ್ನ ಹೆಸರು ಹೊಡೆದೆ, ಒಪ್ಪಲಿಲ್ಲ. ಇವರ ಹೆಸರು ಹೊಡೆದೆ, ಅದಕ್ಕೂ ಇಲ್ಲ. ಹಲಗೆಯ ಹತ್ತಿರ ಹೋಗಿ ನೋಡಿದರೆ ಯಂತ್ರ ಗುಂಯ್ ಎನ್ನುತ್ತಿದೆ, ದೀಪಗಳೂ ಮಿನುಗುತ್ತಿವೆ. ಸುಮನಳಿಗೆ ಫೋನು ಮಾಡಿದೆ. ಅವಳಿಗೆ ಕಾಣುತ್ತಿತ್ತು. ಫೋಟೊ ಹಾಕಿದವಳು ಪುಣೆಯಲ್ಲಿರುವ ಒಬ್ಬಾಕೆ, ಅವಳ ತಂದೆ ಹಿಂದೆ ನಮ್ಮ ಊರಿನ ಶಾಲೆಯಲ್ಲಿ ಮಾಸ್ತರರಾಗಿದ್ದವರು, ಅವರ ಹತ್ತಿರ ಕ್ಯಾಮೆರಾ ಇತ್ತು ಎಂದೆಲ್ಲ ಓದಿ ಹೇಳಿದಳು. ಪುಣೆಗೆ ಕಾಣುತ್ತದೆ, ವಾಸ್ಕೋಕ್ಕೆ ಕಾಣುತ್ತದೆ. ಇಟ್ಟುಕೊಂಡ ಮನೆಗೆ ಕಾಣುವುದಿಲ್ಲ. ಫೋಟೊ ಪುಣೆಯಲ್ಲಿದೆಯೋ, ವಾಸ್ಕೋದಲ್ಲಿದೆಯೋ, ನನ್ನ ದಾಸವಾಳದ ಕೆಳಗಿದೆಯೋ ಎಂದು ಯೋಚಿಸಿ ತಲೆ ಗಿರ್ರೆಂದಿತು. ದೊಡ್ಡದಾಗಿ ಮಾಡಿಸಿ ದೀಪಾವಳಿಗೆ ಬರುವಾಗ ತರುತ್ತೇನೆ ಎಂದಳು ಸುಮನ. ದೀಪಾವಳಿಗೆ ಇನ್ನೂ ದಿನಗಳಿದ್ದವು. ಶ್ರಾದ್ಧ ನಾಳೆ.

ಇಷ್ಟು ಹೊತ್ತಿಗೆ ಮಾವ ಜಗಲಿಯಿಂದ ಕೋಲೂರಿಕೊಂಡು ಒಳಗೆ ಬಂದಿದ್ದರು. ಮೊಣಕಾಲು ನೋವು, ಮೆಟ್ಟಿಲು ಇಳಿಯುವುದೇ ಒಂದು ಸಾಹಸ. ಆದರೆ ದೇವರ ದಯೆ, ಕಣ್ಣು ಚೆನ್ನಾಗಿದೆ. ವಿಷಯ ಹೇಳಿದೆ. ಅವರು ಬಾಗಿಲ ಪಕ್ಕದ ಗೂಟದಿಂದ ಅಂಗಿ ತೆಗೆದು ತೊಟ್ಟುಕೊಂಡು ಬಂದು ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದು ಕೂತರು. ಮನೆಯಲ್ಲಿ ಯಾವಾಗಲೂ ಪಂಚೆಯ ಮೇಲೊಂದು ಟವೆಲ್ಲಿನಲ್ಲೇ ಇರುವವರು. ಗುಂಡಿಯೆಲ್ಲ ಹಾಕಿ ಕೂತ ಅವರಿಗೆ ಬೂದು ಚೌಕ ತೋರಿಸುವಾಗ ನನಗೆ ನಾಚಿಕೆಯಾಯಿತು.

ಕಾರವಾರದ ಕಂಪ್ಯೂಟರ್ ಅಂಗಡಿಯಲ್ಲಿ ಖಂಡಿತ ಕಾಣುತ್ತದೆ, ರಿಕ್ಷಾ ಮಾಡಿಕೊಂಡು ಹೋಗಿಬರೋಣ ಎಂದೆ. ಮಾವ ತಲೆಯಾಡಿಸಿದರು.

“ಅಂಗಡೀಲಿ ಕೂತ್ಕಂಡು, ನಾಕು ಜನ ಪೋರಗಳ ಮಧ್ಯೆ ಅವಳ್ನ ನೋಡೂದೆ? ಬ್ಯಾಡ ತಂಗಿ.”

ಕೋಲನ್ನು ಮೇಜಿಗೆ ಒರಗಿಸಿಟ್ಟು ಇನ್ನೊಂದು ಮಾತು ಹೇಳಿದರು. “ಅವಳು ಈ ಮನೆಗೆ ಬರೂದಿಲ್ಲ. ನಂಗೆ ಮೊದ್ಲೇ ಗೊತ್ತಿತ್ತು. ನಾ ಕರೀಲಿಲ್ಲ.”

ಕರೆಯಲಿಲ್ಲ ಎಂದರೆ ಏನೆಂದು ನನಗೆ ತಕ್ಷಣ ಹೊಳೆಯಲಿಲ್ಲ. ಆಮೇಲೆ ಊರು ಬಿಟ್ಟ ಬೆಳಿಗ್ಗೆ ನೆನಪಾಯಿತು.

ನಮ್ಮಲ್ಲಿ ಮನೆ ಬಿಟ್ಟು ಹೋಗುವಾಗ ದೇವರ ದೀಪವನ್ನು ಆರಿಸದೆ ಒಯ್ಯಬೇಕು. ಹೊಸ್ತಿಲಲ್ಲಿ ನಿಂತು, ಆ ಮನೆಯಲ್ಲಿ ತೀರಿಹೋದವರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಕರೆಯಬೇಕು, ನಾವು ಹೊರಟೆವು, ನೀವೂ ಬನ್ನಿ ಎಂದು. ಕರೆಯದೆ ಹೋದರೆ ಅವರು ಅಲ್ಲೇ ಉಳಿಯುತ್ತಾರೆ ಎಂದು ಹಿರಿಯರ ನಂಬಿಕೆ. ಆ ದಿನ ಲಾರಿ ಬಾಗಿಲಿಗೆ ಬಂದು ನಿಂತಿತ್ತು. ಮಂಚ, ಅಕ್ಕಿಯ ಡಬ್ಬಿ, ಒನಕೆ ಎಲ್ಲ ಏರಿಸಿಯಾಗಿತ್ತು. ನಾನು ಗಾಳಿಗೆ ಸೆರಗು ಅಡ್ಡ ಹಿಡಿದು ದೀಪ ಹಿಡಿದಿದ್ದೆ. ಮಾವ ಹೊಸ್ತಿಲಲ್ಲಿ ನಿಂತು ತಮ್ಮ ಅಜ್ಜನನ್ನು ಕರೆದರು, ಅಪ್ಪನನ್ನು ಕರೆದರು, ತಾಯಿಯನ್ನು ಕರೆದರು. ಆಮೇಲೆ ಸುಮ್ಮನೆ ನಿಂತರು. ಸುತ್ತ ಲಾರಿಯ ಆಳುಗಳು, ಕೇರಿಯವರು, ಗುರುತಿಲ್ಲದ ಅಧಿಕಾರಿಗಳು. ಕೈ ಮುಗಿದು ಲಾರಿ ಹತ್ತಿದರು. ಮನಸ್ಸಿನಲ್ಲೇ ಕರೆದಿರಬೇಕು ಎಂದುಕೊಂಡಿದ್ದೆ ನಾನು.

“ಮನಸ್ಸಲ್ಲೂ ಆಗ್ಲಿಲ್ಲ,” ಎಂದರು ಈಗ. “ಬಾಯಿಗೆ ರೂಢಿ ಇಲ್ದಿದ್ ಹೆಸರು, ಮನಸ್ಸಿಗಾದ್ರೂ ಹೆಂಗೆ ಬತ್ತದೆ?”

ಅವರ ಕಾಲದವರು ಹೆಂಡತಿಯ ಹೆಸರು ಹೇಳುತ್ತಿರಲಿಲ್ಲ. ‘ಕೇಳ್ತಾ’ ಎನ್ನುತ್ತಿದ್ದರು, ಇಲ್ಲವೇ ಮಕ್ಕಳ ಹೆಸರು ಕೂಗುತ್ತಿದ್ದರು, ತಾಯಿ ಓ ಎನ್ನುತ್ತಿದ್ದಳು. ಬಾವಿಯನ್ನು ಕೂಡ ಊರೆಲ್ಲ ದೇವಕಿಬಾವಿ ಎಂದರೆ ಮಾವ ಒಬ್ಬರಿಗೇ ಅದು ಬರೀ ಬಾವಿ. ಅತ್ತೆಗೆ ಆ ಹೆಸರನ್ನು ಇಟ್ಟವರು ಮಾತ್ರ ಅವರೇ. ನಮ್ಮ ಕಡೆ ಮದುವೆಯಲ್ಲಿ ಹೆಣ್ಣಿನ ಹೆಸರು ಬದಲಾಗುತ್ತದೆ. ಹರಿವಾಣದಲ್ಲಿ ಅಕ್ಕಿ ಹರಡಿ, ಗಂಡು ಉಂಗುರದಿಂದ ಹೊಸ ಹೆಸರು ಬರೆಯುತ್ತಾನೆ. ಅಕ್ಕಿಯ ಮೇಲೆ ಬರೆದು ಬಿಟ್ಟ ಹೆಸರನ್ನು ಮಾವ ಆಮೇಲೆ ಒಮ್ಮೆಯೂ ಬಾಯಿಗೆ ತಂದಿರಲಿಲ್ಲ.

ಇದು ಯಂತ್ರದ ತೊಂದರೆ ಎಂದು ಹೇಳಬಹುದಿತ್ತು. ಆದರೆ ನಿಜ ಹೇಳುತ್ತೇನೆ, ಆ ಹೊತ್ತಿಗೆ ನನಗೂ ಅದು ಯಂತ್ರದ ತೊಂದರೆ ಅನಿಸಿರಲಿಲ್ಲ. ಲೋಕಕ್ಕೆಲ್ಲ ಮುಖ ತೋರಿಸಿ ನಮ್ಮ ಮನೆಯೊಂದಕ್ಕೆ ತೋರಿಸುವುದಿಲ್ಲ ಎಂದರೆ ಇನ್ನೇನು? ದೇವರ ಮುಂದೆ ನಿಂತು, ಅವರನ್ನು ಕರೆತಾ, ನಾಳೆ ತುಪ್ಪದ ದೀಪ ಹಚ್ಚುತ್ತೇನೆ ಎಂದು ಬೇಡಿಕೊಂಡೆ. ಹಾಗೆ ಬೇಡುವಾಗ ಕಣ್ಣು ಪಕ್ಕದ ಹಸಿರು ದೀಪಗಳ ಮೇಲೇ ಇತ್ತು.

ಧಾರವಾಡಕ್ಕೆ ಫೋನು ಸಿಕ್ಕಿದ್ದು ಊಟದ ಹೊತ್ತಿಗೆ. ಫೋಟೊ ಎಂದ ಕೂಡಲೇ ಇವರು, ಆಯೀದೇ ಹೌದಾ ಎಂದು ಮತ್ತೆ ಮತ್ತೆ ಕೇಳಿದರು. ಮಗನೂ ತಾಯಿಯ ಮುಖ ನೋಡಿ ಎಷ್ಟು ಕಾಲವಾಗಿತ್ತೋ. ಆಮೇಲೆ, ಯಾವಾಗಲೂ ತಾನು ಆಫೀಸಿನಿಂದಲೇ ತೆರೆದು ನೋಡಿದ್ದು, ಮನೆಯಿಂದ ನೋಡಿರಲೇ ಇಲ್ಲ, ಯಾರನ್ನಾದರೂ ಕೇಳಿ ಹೇಳುತ್ತೇನೆ ಎಂದರು. ಸ್ವಲ್ಪ ಹೊತ್ತಿಗೆ ಮತ್ತೆ ಫೋನು ಮಾಡಿ ವಿವರಿಸಿದರು.

ಅವರು ಹೇಳಿದ್ದು ನನಗೆ ಅರ್ಥವಾದಷ್ಟು ಇಷ್ಟು. ದೇವಕಿಬಾವಿ ಎಂಬುದು ನಮ್ಮ ಯಂತ್ರಕ್ಕೆ ಹೊರಗಿನವರಿಗಾಗಿ ಇಟ್ಟ ಹೆಸರು. ಮನೆಯೊಳಗಿನಿಂದ ಆ ಹೆಸರು ಹಿಡಿದು ಹೊರಟರೆ ಅದು ನಮ್ಮನ್ನು ಮೊದಲು ಹೊರಗೆ ಕಳಿಸುತ್ತದೆ. ಹೊರಗಿನವರು, ಅದು ನಿಮ್ಮ ಮನೆಯಲ್ಲೇ ಇದೆಯಲ್ಲ, ಹೋಗಿ ಎನ್ನುತ್ತಾರೆ. ತಿರುಗಿ ಬಾಗಿಲಿಗೆ ಬಂದರೆ ಹಸಿರು ದೀಪದ ಡಬ್ಬಿಗೆ ಗಲಿಬಿಲಿ. ಒಳಗಿನಿಂದ ಹೋದವರು ಹೊರಗಿನಿಂದ ಬಂದು ಬಾಗಿಲು ಬಡಿಯುತ್ತಾರಲ್ಲ, ಇವರು ನನ್ನನ್ನೇ ನೋಡಲು ಬಂದವರು ಎಂದುಕೊಂಡು ನೀವು ಯಾರು ಎಂದು ಕೇಳುತ್ತದೆ. ಹೊರಗಿನವರಿಗಾದರೆ ಈ ಗಲಿಬಿಲಿ ಇಲ್ಲ, ನೇರ ಒಳಗೆ ಬಿಡುತ್ತದೆ. ಒಳಗಿನವರು ಯಂತ್ರವನ್ನು ಅದರ ಮನೆಯ ಹೆಸರಿನಿಂದ ಕರೆಯಬೇಕು. ಅದರ ಮನೆಯ ಹೆಸರು ಒಂದು ಅಂಕಿ.

ಅವರು ಇದನ್ನು ಎರಡು ಸಲ ಹೇಳಿದರು. ನನಗೆ ಒಂದೇ ಸಲಕ್ಕೆ ಸಾಕಿತ್ತು. ಮದುವೆಯಾದ ಮೊದಲ ವರ್ಷ ನನ್ನ ಅಪ್ಪ ಶೆಟಗೇರಿಯಿಂದ ಮಾವಿನಹಣ್ಣಿನ ಬುಟ್ಟಿ ಹೊತ್ತು ಹಳೇ ಊರಿಗೆ ಬಂದಿದ್ದರು. ನಮ್ಮ ಜಗಲಿಯಲ್ಲೇ ಕೂತಿದ್ದ ಮುದುಕಿಯೊಬ್ಬಳನ್ನು ನಾಗವೇಣಿ ಇದ್ದಾಳೆಯೇ ಎಂದು ಕೇಳಿದರು. ಆ ಹೆಸರಿನವರು ಈ ಮನೆಯಲ್ಲಿಲ್ಲ ಎಂದಳು ಅವಳು. ಅವಳದೇನು ತಪ್ಪು, ಅಕ್ಕಿಯ ಮೇಲೆ ಬರೆದಾದ ಮೇಲೆ ಆ ಮನೆಯಲ್ಲಿ ನಾನು ಲಕ್ಷ್ಮಿ. ಗೋಡೆಯ ಈಚೆ ಒಲೆಯ ಮುಂದೆ ಕೂತಿದ್ದ ನನಗೆ ಅಪ್ಪನ ದನಿ ಕೇಳಿಸಿತು. ಓ ಎನ್ನುವಷ್ಟು ಸಲಿಗೆ ಆ ಮನೆಯಲ್ಲಿ ಇನ್ನೂ ಬಂದಿರಲಿಲ್ಲ. ಬುಟ್ಟಿ ಹೊತ್ತು ತಿರುಗಿ ಹೊರಟ ಅಪ್ಪನನ್ನು ಬಾವಿಯ ಹತ್ತಿರ ಓಡಿ ಹಿಡಿದೆ.

ಇವರು ಹೇಳಿದ ಅಂಕಿಯನ್ನು ಹೊಡೆದೆ. ಬೂದು ಚೌಕ ಹೋಗಿ ಊರಿನ ಪುಟ ಬಂತು. ಮೇಲೆ ಸಮುದ್ರದ ನೀಲಿ, ಕೆಳಗೆ ಪುಣೆಯಾಕೆ ಬರೆದ ಎರಡು ಸಾಲು. ಫೋಟೊ ಇರಬೇಕಾದ ಜಾಗದಲ್ಲಿ ಮಾತ್ರ ಖಾಲಿ ಚೌಕ, ಅದರ ಮೂಲೆಯಲ್ಲಿ ಪುಟ್ಟ ಕೆಂಪು ಕತ್ತರಿ ಗುರುತು. ಮಾವ ಅದನ್ನು ನೋಡಿ ಮುಖ ತಿರುಗಿಸಿದರು. ಫೋಟೊಗಳನ್ನೆಲ್ಲ ಹೊರಗಿನ ಹೆಸರಿಗೇ ಕಟ್ಟಿ ಹಾಕಿದ್ದೆ, ಅದಕ್ಕೇ ಅವು ಬರುತ್ತಿಲ್ಲ ಎಂದರು ಇವರು. ಇನ್ನೊಂದು ದಾರಿ ಇತ್ತು. ಹೊಸ ಕಂಪ್ಯೂಟರಿನ ಒಳಗೆಲ್ಲೋ ಒಂದು ಮೂಲೆಯಲ್ಲಿ ಒಂದು ಸಾಲು ಬರೆದಿಡಬೇಕು. ಮೊದಲು ಮನೆಯ ಅಂಕಿ, ಅದರ ಮುಂದೆ ಹೊರಗಿನ ಹೆಸರು. ಈ ಹೆಸರಿನವರು ಈ ಮನೆಯಲ್ಲೇ ಇದ್ದಾರೆ, ಹುಡುಕಿಕೊಂಡು ಹೊರಗೆ ಹೋಗಬೇಡ ಎಂದು ಅದರ ಅರ್ಥವಂತೆ.

ಫೋನಿನ ತಂತಿ ಮೇಜಿನ ತನಕ ಬರುವುದಿಲ್ಲ. ಮಾವ ರಿಸೀವರ್ ಹಿಡಿದು ಗೋಡೆಯ ಹತ್ತಿರ ನಿಂತರು. ಮಗ ಅಲ್ಲಿಂದ ಹೇಳುವುದು, ಮಾವ ಇಲ್ಲಿ ನನಗೆ ಹೇಳುವುದು. ಪುರೋಹಿತರು ಸಂಕಲ್ಪ ಹೇಳಿಸಿದ ಹಾಗೆ ಮಾವ ಒಂದೊಂದನ್ನೂ ಬಿಡಿಸಿ ಹೇಳಿದರು. ಅದನ್ನು ತೆರೆ, ಅದರೊಳಗಿನದನ್ನು ತೆರೆ, ಅದರೊಳಗೆ ಇನ್ನೊಂದು ಇದೆಯಂತೆ, ಅದನ್ನು ತೆರೆ. ನನ್ನ ಜಿರಳೆ ಅಲ್ಲಿ ಇಲ್ಲಿ ಓಡಿ ಕೊನೆಗೆ ಜಾಗ ತಲುಪಿತು. ನಡುವೆ ಕರೆಂಟು ಹೋಗಲಿಲ್ಲ, ಫೋನಿನ ತಂತಿಯ ಮೇಲೆ ತೆಂಗಿನ ಮಡಲು ಬೀಳಲಿಲ್ಲ. ಮಳೆಗಾಲದ ಕೊನೆಯಲ್ಲಿ ನಮ್ಮ ಕಡೆ ಇದು ಸಣ್ಣ ಉಪಕಾರವಲ್ಲ.

ಅಂಕಿಗಳನ್ನೆಲ್ಲ ಚುಕ್ಕಿ ಸಹಿತ ಹೇಳಿ ಮುಗಿಸಿದ ಮಾವ ಅಲ್ಲಿಗೆ ನಿಂತರು.

“ಮುಂದೆ?” ಎಂದೆ.

ಫೋನಿನಲ್ಲಿ ಮಗ ಹೇಳುತ್ತಿದ್ದುದು ನನಗೂ ಸಣ್ಣಗೆ ಕೇಳುತ್ತಿತ್ತು. ಮಾವ ಕೋಲನ್ನು ಆ ಕೈಯಿಂದ ಈ ಕೈಗೆ ಬದಲಿಸಿದರು.

“ಮುಂದೆ ಹೆಸರು,” ಎಂದರು. “ಬಾವೀದು. ನಿಂಗೆ ಗೊತ್ತದೆಯಲ್ಲ, ಬರಿ.”

ನಗು ಬಂತು, ನುಂಗಿಕೊಂಡೆ. ಹೆಸರು ಬರೆದೆ. ಎಲ್ಲ ಮುಚ್ಚಿ ಹೊಸದಾಗಿ ತೆರೆ ಎಂದರಂತೆ, ಹಾಗೇ ಮಾಡಿದೆ. ಮಾವ ರಿಸೀವರನ್ನು ಗೂಡಿನ ಮೇಲೆ ಹಾಗೇ ಇಟ್ಟು ಬಂದು ನನ್ನ ಕುರ್ಚಿಯ ಹಿಂದೆ ನಿಂತರು. ಧಾರವಾಡದಿಂದ ಇವರು ಒಂದೇ ಸಮ ಏನೋ ಕೇಳುತ್ತಿದ್ದರು.

ಹಲಗೆಯ ಮೇಲಿನದು ಮುದಿ ಯಂತ್ರ, ಪುಣೆಯಾಕೆ ಕಳಿಸಿದ್ದು ಭಾರವಾದ ಫೋಟೊ. ಮೇಲಿನಿಂದ ಕೆಳಗೆ ಸ್ವಲ್ಪಸ್ವಲ್ಪವಾಗಿ ಇಳಿಯಿತು. ಮೊದಲು ಹಂಚು. ಆಮೇಲೆ ಬಾಗಿಲ ಮೇಲಿನ ಒಣಗಿದ ಮಾವಿನ ತೋರಣ. ಆಮೇಲೆ ಬಿಸಿಲಿಗೆ ಕಣ್ಣು ಕಿರಿದು ಮಾಡಿದ ಒಂದು ಮುಖ. ಸುಮನಳ ಹಾಗೆ ಇರಲೇ ಇಲ್ಲ. ನಮ್ಮ ಮನೆಯವರ ಹಣೆ, ಅವರದೇ ಗದ್ದ. ಸೊಂಟದ ಮೇಲೆ ಕೊಡ, ಕುಪ್ಪಸದ ತೋಳು ಒದ್ದೆ. ಬಾಯಿ ಅರ್ಧ ತೆರೆದಿತ್ತು, ಫೋಟೊ ಬೇಡ ಮಾಸ್ತರೇ ಎನ್ನುತ್ತಿದ್ದರೋ ಏನೋ. ಒಂದು ಕಾಲು ಹೊಸ್ತಿಲ ಆಚೆ, ಒಂದು ಕಾಲು ಈಚೆ. ಒಳಗೆ ಹೋಗುತ್ತಿದ್ದರೋ ಹೊರಗೆ ಬರುತ್ತಿದ್ದರೋ ಎಷ್ಟು ನೋಡಿದರೂ ನನಗೆ ತಿಳಿಯಲಿಲ್ಲ.

ಮಾವ ನನ್ನ ಕುರ್ಚಿಯ ಬೆನ್ನು ಹಿಡಿದು ಪರದೆಯ ಹತ್ತಿರಕ್ಕೆ ಬಾಗಿದರು.

“ದೇವಕೀ,” ಎಂದರು. “ಬಾ ಒಳಗೆ.”

ನಾನು ಕುರ್ಚಿ ಬಿಟ್ಟು ಎದ್ದು ಅವರನ್ನು ಅಲ್ಲಿ ಕೂರಿಸಿದೆ. ಹಿತ್ತಲ ಬಾಗಿಲ ಸಂದಿಯಿಂದ ಕತ್ತಿ ತೆಗೆದುಕೊಂಡು ನಾಳೆಯ ಎಡೆಗೆ ಬಾಳೆಲೆ ಕೊಯ್ಯಲು ಹೋದೆ. ಮೊದಲ ಎರಡು ಎಲೆ ಗಾಳಿಗೆ ಸೀಳಿದ್ದವು. ಗಿಡದ ಒಳಮೈಯಲ್ಲಿ, ಇನ್ನೂ ಪೂರ್ತಿ ಬಿಚ್ಚಿಕೊಳ್ಳದ ಒಂದು ಕುಡಿ ಎಲೆ ಸಿಕ್ಕಿತು.